ಟೈಟಾನಿಯಮ್ಮಿಗೆ ಇಟ್ಟ ಬೊಟ್ಟು

"ಎಣ್ಣೆ ಬಿಡೇ, ಉಳಿ ತುದಿ ಸುಟ್ಟೋಗುತ್ತೆ!" ಅಪ್ಪ ನಂಜುಂಡಪ್ಪ ಎಣ್ಣೆಡಬ್ಬಿ ಚಾಚಿ ಕೂಗಿದ. ಗಗನಾ ಅವನ ಕೈಯಿಂದ ಅದನ್ನು ಕಿತ್ತು ಪಕ್ಕಕ್ಕಿಟ್ಟಳು. ಬೀರೂರಿನ ಅವರ ಶೆಡ್ಡಿನಲ್ಲಿ, ಲೋಹ ಕಡೆಯುವ ಲೇತಿನಲ್ಲಿ ತಿರುಗುತ್ತಿದ್ದುದು ಟೈಟಾನಿಯಂ ತುಂಡು. ಹಿಂದಿನ ಎರಡು ತುಂಡುಗಳು ಎಣ್ಣೆ ಸುರಿದರೂ ಕೆಟ್ಟಿದ್ದವು. ಇದೂ ಕೆಟ್ಟರೆ ಆರ್ಡರೇ ಕೈತಪ್ಪುತ್ತಿತ್ತು.

ಅವಳು ತಾನು ತಂದಿಟ್ಟಿದ್ದ ಕ್ಯಾನಿನ ನಳಿಕೆ ತೆರೆದಳು. ದನದ ಆಸ್ಪತ್ರೆಗಳಲ್ಲಿ ಹೋರಿಯ ವೀರ್ಯ ಕೆಡದಂತೆ ಇಡುತ್ತಾರಲ್ಲ, ಅದೇ ಕೊರೆಯುವಷ್ಟು ತಣ್ಣಗಿನ ದ್ರವ ಸಾರಜನಕ ಬಿಳಿ ಹೊಗೆಯೆಬ್ಬಿಸುತ್ತಾ ಉಳಿಯ ತುದಿಗೆ ಬಿತ್ತು.

"ದನದ ಡಾಕ್ಟ್ರ ಹೊಗೆಗೆ ಈ ಲೋಹ ಬಗ್ಗುತ್ತೇನೇ?"

"ಸುಮ್ನೆ ನೋಡ್ತಿರಪ್ಪ."

ಕಿರ್ರೆಂದು ಕಿರುಚುತ್ತಿದ್ದ ಸದ್ದು ಮೆಲ್ಲಗೆ ಇಳಿಯಿತು. ಲೇತ್ ನಿಂತಾಗ ಅಪ್ಪ ಅಭ್ಯಾಸಬಲದಿಂದ ಒರೆಸುವ ಬಟ್ಟೆ ಹಿಡಿದು ಬಂದ. ಸಾರಜನಕ ಆವಿಯಾಗಿ ಹೋಗಿ ಒರೆಸಲು ಏನೂ ಇರಲಿಲ್ಲ. ತುಂಡನ್ನು ಬೆಳಕಿಗೆ ಹಿಡಿದು ತಿರುಗಿಸಿದ. ಒಂದು ಗೀರೂ ಇಲ್ಲ. ದೇವರ ಪಟದ ಹತ್ತಿರ ಹೋದ.

ಸರಿಬಂದ ಮೊದಲ ತುಂಡಿಗೆ ಕುಂಕುಮ ಇಡುವುದು ಆ ಶೆಡ್ಡಿನ ಪದ್ಧತಿ. ಎಣ್ಣೆಯ ಮೇಲೆ ಅದು ಯಾವತ್ತೂ ಜಾರಿ ಕೆಸರಾಗುತ್ತಿತ್ತು. ಅಪ್ಪ ಒದ್ದೆ ಬೆರಳಲ್ಲಿ ಇಟ್ಟ ಬೊಟ್ಟು ಇವತ್ತು ದುಂಡಗೆ, ಕೆಂಪಗೆ ನಿಂತಿತು. ಅದೇ ಬೆರಳನ್ನು ಅವನು ಮಗಳ ಹಣೆಗೂ ಒತ್ತಿದ.

"ಇನ್ನೊಂದು ಹಾಕು ಮಗಳೇ. ಹೊಗೆ ನಾನು ಬಿಡ್ತೀನಿ."