ಗಂಗೂನ ಮೂರನೇ ಚೆಂಡು

"ಕಾಲರ್ ಇಲ್ಲದವರು ಈ ಹುಲ್ಲಿನ ಮೇಲೆ ಆಡುವ ಹಾಗಿಲ್ಲ!" ಗಾಲ್ಫ್ ಕ್ಲಬ್ಬಿನ ಕಾರ್ಯದರ್ಶಿ ರಾಜೀವ ಕೈ ಅಡ್ಡ ಹಿಡಿದ. ಕೋಲು ಹಿಡಿದು ಹುರುಪಿನಿಂದ ಹೊರಟಿದ್ದ ಗಂಗೂ ಹುಲ್ಲಿನ ಸುತ್ತ ಕಟ್ಟಿದ್ದ ಹಗ್ಗದ ಬಳಿಯೇ ನಿಂತಳು. ಅಲ್ಲೇ ಕೆಲಸಕ್ಕಿದ್ದ ಅವಳ ಗಂಡ ಬೀರಾ ಗುಂಪು ಸೀಳಿ ಮುಂದೆ ಬಂದ.

ಕ್ಲಬ್ಬಿಗೆ ಎರಡು ವರ್ಷ ತುಂಬಿದ್ದಕ್ಕೆ ಕೆಲಸಗಾರರಿಗಾಗಿ ಇಟ್ಟ ಪಂದ್ಯ ಅದು. ಇಪ್ಪತ್ತು ಹೆಜ್ಜೆ ದೂರದ ಕುಳಿಗೆ ಮೂರರಲ್ಲಿ ಒಂದು ಚೆಂಡು ಬೀಳಿಸಿದರೆ ಗೆದ್ದ ಹಾಗೆ. ಗೆದ್ದವರ ಹೆಸರು ಬಾಗಿಲ ಬಳಿಯ ಹಲಗೆಯ ಮೇಲೆ, ದೊಡ್ಡ ದೊಡ್ಡ ಸಾಹೇಬರ ಸಾಲಿನಲ್ಲಿ, '೨೦೦೭' ಎಂಬುದರ ಕೆಳಗೆ! ಬೆಳಗಿನಿಂದ ಹನ್ನೊಂದು ಮಂದಿ ಸೋತಿದ್ದರು. ಡ್ರೈವರ್ ಶಾಂತಾರಾಮನಂತೂ ಮೂರನ್ನೂ ಮರಳಿನ ಗುಂಡಿಗೆ ಅಟ್ಟಿದ್ದ. ಉಳಿದವಳು ಗಂಗೂ ಒಬ್ಬಳೇ. ಬೊಬ್ರುವಾಡದ ಮನೆಯಂಗಳದಲ್ಲಿ ತೆಂಗಿನ ಚಿಪ್ಪು ಹುಗಿದು ತಿಂಗಳುಗಟ್ಟಲೆ ಹೆಂಡತಿಗೆ ಅಭ್ಯಾಸ ಮಾಡಿಸಿದ ಬೀರಾ ಸುಮ್ಮನಿರುತ್ತಾನೆಯೇ?

"ಎಂಥದ್ರಾ ಸಾರ್ ಇದು? ಈ ಹುಲ್ಲು ನೆಟ್ಟವ್ಳೇ ಇವ್ಳು. ದಿನಾ ಬರಿಗಾಲಲ್ಲೇ ಕಳೆ ಕೀಳ್ತಾಳೆ. ಆಗ ಯಾರೂ ಕಾಲರ್ ಕೇಳ್ಲಿಲ್ಲ!"

"ಅದು ಕೆಲಸ ಮಾರಾಯ. ಕೆಲಸಕ್ಕೆ ಹ್ಯಾಗೆ ಬಂದ್ರೂ ಅಡ್ಡಿಲ್ಲ. ಇದು ಆಟ. ಆಟಕ್ಕೆ ಕಾಲರ್ ಬೇಕು, ಬೂಟು ಬೇಕು. ನಿಯಮ ನಾನು ಮಾಡಿದ್ದಲ್ಲ."

ಬೀರಾ ಹಿಂದೆಮುಂದೆ ನೋಡಲಿಲ್ಲ. ಕ್ಲಬ್ಬು ಕೊಟ್ಟ ಕಾಲರಿನ ಅಂಗಿಯನ್ನು ಅಲ್ಲೇ ಕಳಚಿ ಹೆಂಡತಿಯ ಕೈಗಿತ್ತ. ಔಷಧಿ ಹೊಡೆಯುವಾಗ ಹಾಕುವ ರಬ್ಬರ್ ಬೂಟನ್ನೂ ಓಡಿಹೋಗಿ ತಂದ. ಕೊರಳ ತುಂಬ ಮಣಿಸರ, ಸೀರೆಯ ಮೇಲೆ ಗಂಡನ ಅಂಗಿ, ಕೆಳಗೆ ಮೊಳಕಾಲಿನವರೆಗೆ ಬೂಟು! ನೆರೆದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಗಂಗೂ ನಗಲಿಲ್ಲ.

ಮೊದಲ ಚೆಂಡು ಎಡಕ್ಕೆ ಹೋಯಿತು. ಎರಡನೆಯದು ಬಲಕ್ಕೆ.

"ಬೂಟಲ್ಲಿ ನೆಲವೇ ತಿಳೀತಿಲ್ಲ," ಎಂದು ಅವಳು ಗಂಡನತ್ತ ನೋಡಿದಳು. ಗದ್ದೆಯಲ್ಲಿ ನೀರು ಯಾವ ಕಡೆ ಹರಿದೀತೆಂದು ಅಂಗಾಲಿನಲ್ಲೇ ಅಳೆದು ಹೇಳುವವಳು ಅವಳು.

ಗಂಗೂ ತಟ್ಟನೆ ಕೋಲು ಕೆಳಗಿಟ್ಟಳು, ಬೂಟು ಕಳಚಿದಳು, ಬರಿಗಾಲಲ್ಲಿ ಕುಳಿಯ ಕಡೆ ನಡೆದೇಬಿಟ್ಟಳು.

"ಏ ಅಮ್ಮಾ, ಬೂಟು!" ರಾಜೀವ ಕೂಗಿದ.

"ಕಳೆ ಎದ್ದದೆ ಸಾರ್." ಬಗ್ಗಿ ಒಂದು ಎಳೆ ಕಿತ್ತು ತೋರಿಸಿದಳು. "ಇದು ಕೆಲ್ಸ."

ಗಂಗೂ ನೆಲವನ್ನು ಅಂಗಾಲಿನಿಂದ ಒತ್ತಿ ಒತ್ತಿ ನೋಡುತ್ತ ಮರಳಿ ಬಂದು ಬೂಟು ಮೆಟ್ಟಿದಳು. ಮೂರನೇ ಚೆಂಡನ್ನು ಕುಳಿಯ ಕಡೆಗಲ್ಲ, ಒಂದು ಮಾರು ಪಕ್ಕಕ್ಕೆ ಹೊಡೆದಳು. "ಹೋಯ್ತು!" ಎಂದ ಶಾಂತಾರಾಮ. ಎಲ್ಲಿಗೆ ಹೋಗುತ್ತದೆ? ಅರ್ಧ ದಾರಿಯಲ್ಲಿ ಇಳಿಜಾರು ಹಿಡಿದು ತಿರುಗಿತು, ಕುಳಿಯ ಅಂಚಿನಲ್ಲಿ ಒಂದು ಗಳಿಗೆ ನಿಂತು ಎಲ್ಲರ ಜೀವ ಹಿಂಡಿತು, ಆಮೇಲೆ ಟಕ್ಕೆಂದು ಬಿತ್ತು.

ಬೀರಾ ಹೋ ಎಂದು ಕಿರುಚಿ ಹಗ್ಗ ಹಾರಿದ.

"ಏಯ್, ಅಂಗಿ ಎಲ್ಲಿ? ಕಾಲರ್!" ಎಂದು ರಾಜೀವ ಬೆನ್ನಟ್ಟಿದ.

ಆಟಕ್ಕೆಂದು ಕುಳಿಯಿಂದ ಕಿತ್ತು ಪಕ್ಕದಲ್ಲಿಟ್ಟಿದ್ದ ಬಾವುಟವನ್ನೆತ್ತಿ ಬೀರಾ ಬರಿಮೈಯಲ್ಲಿ ಗಿರಗಿರ ತಿರುಗಿಸಿದ. "ಬಾವುಟ ನೆಡೂಕೆ ಬಂದೆ ಸಾರ್," ಎಂದು ಕುಣಿಯುತ್ತಲೇ ಕೂಗಿದ, "ಕೆಲ್ಸಕ್ಕೆ!"