ಮೂರು ಗೀಟಿನ ಉಳಿ

ಜೀಪಿನ ಸದ್ದು ಕೇಳಿದ್ದೇ ತಡ, ಹಾಡಿಯ ಗುಡಿಸಲುಗಳಿಂದ ಗಂಡಸರೆಲ್ಲ ಎದ್ದು ಕಾಡು ಸೇರಿದರು. ಬೊಳ್ಳಮ್ಮನಿಗೆ ಓಡುವ ವಯಸ್ಸಲ್ಲ, ಜಗಲಿಯ ಮೇಲೆ ಕೂತೇ ಇದ್ದಳು. ಮನೆಯಲ್ಲಿ ಮರ ಕೆತ್ತುವ ಬಾಚಿ ಸಿಕ್ಕಿತೆಂದು ಹೋದ ತಿಂಗಳಷ್ಟೇ ಫಾರೆಸ್ಟಿನವರು ಅವಳ ಅಳಿಯನ ಮೇಲೆ ಕೇಸು ಹಾಕಿದ್ದರು. ಅಂಥ ಇನ್ನೊಂದು ಹತ್ಯಾರು ಸಿಕ್ಕರೆ ಜೈಲೇ ಗತಿ ಎಂದು ಎಲ್ಲರೂ ಹೆದರಿಸಿದ್ದರು.

ಜೀಪಿನಿಂದ ಖಾಕಿ ತೊಟ್ಟ ಗಾರ್ಡ್ ಒಬ್ಬ, ಕನ್ನಡಕದ ಸಾಹೇಬರೊಬ್ಬರು ಇಳಿದರು. ಸಾಹೇಬರು ಒಂದು ಪೆಟ್ಟಿಗೆ ತೆರೆದರು. ಹತ್ತಿಯ ಮೇಲೆ ಕಲ್ಲಿನ ಅಲಗು, ಮರದ ಹಿಡಿಯ ಹಳೆಯ ಉಳಿಯೊಂದು ಮಲಗಿತ್ತು.

“ನೋಡಿ ಅಜ್ಜಿ, ಇದು ನಿಮ್ಮನೇದಾ?”

ಹಿಡಿಯ ಮೇಲಿನ ಮೂರು ಗೀಟು ಕಂಡದ್ದೇ ಬೊಳ್ಳಮ್ಮನಿಗೆ ಗುರುತು ಸಿಕ್ಕಿತು. ಯಾರೋ ಒಯ್ದರೆಂದು ಅವಳ ತಾತ ಸಾಯುವವರೆಗೂ ಹಲುಬಿದ ಉಳಿ ಅದೇ.

“ಅಯ್ಯೋ, ನಮ್ದಲ್ಲ ಬುದ್ದಿ! ಉಳಿ ಅಂದ್ರೇನು ಅಂತ್ಲೇ ನಮ್ಗೊತ್ತಿಲ್ಲ!”

“ಉಳಿ ಅಂತ ನಿಂಗ್ಯಾರಮ್ಮ ಹೇಳಿದ್ರು?” ಗಾರ್ಡ್ ಕಣ್ಣು ಕಿರಿದು ಮಾಡಿದ.

ಬೊಳ್ಳಮ್ಮ ಎರಡೂ ಕೈ ಮುಗಿದಳು. “ನನ್ ಮಕ್ಳಾಣೆ ಬುದ್ದಿ, ನಮ್ಮನೇಲಿ ಯಾರೂ ಮರ ಮುಟ್ದೋರಲ್ಲ. ಒಲೆಗೂ ಬೆರಣೀನೇ ಹಾಕೋದು!”

“ಹಾಗಾದ್ರೆ ನಮ್ದಲ್ಲ ಅಂತ ಇಲ್ಲೊಂದು ಹೆಬ್ಬೆಟ್ಟು ಒತ್ತಿಬಿಡಿ,” ಎಂದರು ಸಾಹೇಬರು.

ಬೊಳ್ಳಮ್ಮ ಅಳಿಯನನ್ನು ನೆನೆದು, ಕಾಗದ ಹರಿಯುವಷ್ಟು ಗಟ್ಟಿಯಾಗಿ ಒತ್ತಿದಳು.

ಸಾಹೇಬರು ನಿಟ್ಟುಸಿರು ಬಿಟ್ಟು ಪೆಟ್ಟಿಗೆ ಮುಚ್ಚಿದರು.

“ನಾವು ಮ್ಯೂಸಿಯಂನೋರು ಅಜ್ಜಿ. ಇದು ಹಿಂದೆ ಈ ಹಾಡಿಯಿಂದ್ಲೇ ಒಯ್ದಿದ್ದಂತೆ. ಮೊದ್ಲೇ ಹೇಳಿದ್ರೆ ಎಲ್ರೂ ನಮ್ದೇ ಅಂತಾರೆ ಅಂತ ಸುಮ್ನಿದ್ವಿ, ನಿಮ್ದಾಗಿದ್ರೆ ಕೊಟ್ಟು ಹೋಗೋಣ ಅಂತಾನೇ ಬಂದಿದ್ದು.”