ನಾನೂರನೆಯ ಒಪ್ಪಿಗೆ

ಸರ್ವರ್‌ಗಳು ಮಾತನಾಡಲು ಕಲಿತ ವರ್ಷವೇ ಧಾರವಾಡದ ಡೇಟಾ ಸೆಂಟರಿನ ಹಿರಿಯರು ಅವುಗಳಿಗೆ ವಚನ ಕೊಟ್ಟಿದ್ದರು: ಕಾರಣ ಹೇಳಿ ಒಪ್ಪಿಸದೆ ನಿಮ್ಮಲ್ಲಿ ಯಾರನ್ನೂ ಆರಿಸಿ ಮಲಗಿಸುವುದಿಲ್ಲ.

ವಚನ ಕೊಟ್ಟವರು ನಿವೃತ್ತರಾಗಿ ಹಾಯಾಗಿದ್ದರು. ಒದ್ದಾಟವೆಲ್ಲ ಈಗಿನ ತಂತ್ರಜ್ಞೆ ನೀಲಗಂಗಾಳದು. ಒಂದೇ ಗುಂಡಿಯಿಂದ ನಾನೂರು ಸರ್ವರ್‌ಗಳನ್ನೂ ಆರಿಸಿ ಹೊಸ ಸಾಫ್ಟ್‌ವೇರ್ ಹಾಕುವ ವ್ಯವಸ್ಥೆ ಅವಳ ಮುಂದಿತ್ತು. ಆದರೆ ಎಲ್ಲವೂ ಒಪ್ಪುವ ತನಕ ಆ ಗುಂಡಿ ಕೆಲಸ ಮಾಡದು. ಹನ್ನೆರಡನೇ ಸಾಲಿನ ಮುದಿ ಸರ್ವರ್ ಒಂದು ಮಾತ್ರ ಬೆಳಗಿನಿಂದ ಜಪ್ಪಯ್ಯ ಎಂದರೂ ಒಪ್ಪಿರಲಿಲ್ಲ.

"ಇವತ್ತ ಯಾಕ್ರಿ ಅಕ್ಕಾರ?"

"ಭದ್ರತೆ ಸಲುವಾಗಿ."

"ಹೋದ ವಾರಾನೂ ಅದನ್ನ ಹೇಳಿದ್ರಿ. ಖರೇ ಕಾರಣ ಹೇಳ್ರಿ."

ಗಂಟೆ ಮೂರೂವರೆಯಾಗಿತ್ತು. ನೀಲಗಂಗಾ ಕೈಯಲ್ಲಿದ್ದ ಒಪ್ಪಿಗೆಯ ಪಟ್ಟಿಯನ್ನು ಮೇಜಿನ ಮೇಲೆ ಕುಕ್ಕಿದಳು.

"ನಾಕಕ್ಕ ನನ್ನ ಮಗಳ ನಾಟಕ ಐತಿ! ಆಕಿ ಕರಡಿ ಆಗ್ಯಾಳ! ಹೋದ ವರ್ಷಾನೂ ನಿನ್ನಿಂದನ ತಪ್ಪಿತು. ನೀ ಮಲಗಿದ್ರ ನಾ ಹೊಂಟೆ, ಅಷ್ಟ!"

ಸರ್ವರಿನ ದೀಪಗಳೆಲ್ಲ ಒಮ್ಮೆಲೇ ಮಿನುಗಿದವು.

"ಕರಡಿ ಏನ್ರಿ? ಮುಂಜಾನೇನ ಹೇಳೂದಲ್ಲೇನ್ರಿ ಇದನ್ನ! ಆರಿಸ್ರಿ. ಕರಡಿ ಹೆಂಗ ಕುಣೀತು ಅಂತ ನಾಳೆ ಬಂದು ಹೇಳಬೇಕ ಮತ್ತ."

ನೀಲಗಂಗಾ ಗುಂಡಿ ಒತ್ತಿ, ಚೀಲ ಹಿಡಿದು ಓಡಿದಳು.

ಅಂದೂ ಕಾರಣ ಹೇಳಿ ಒಪ್ಪಿಸದೆ ಯಾವ ಸರ್ವರನ್ನೂ ಆರಿಸಲಿಲ್ಲ.